ಸಮುದ್ರ ಮುಟ್ಟಿಯೇ ಹೋಗೋಣ

ಜೂರಾಲ ಅಣೆಕಟ್ಟಿನ ಹತ್ತಿರ, ಮೀನು ಹುರಿಯುವ ಅಂಗಡಿಗಳ ಸಾಲು ಮುಗಿಯುವ ಕಡೆ ಆ ಹಳೆಯ ಟೆಂಪೋ ಗಾಡಿ ನಿಂತಿತ್ತು. ಚಕ್ರಗಳಿರಲಿಲ್ಲ. ನಾಲ್ಕು ಮೂಲೆಗೆ ಸಿಮೆಂಟ್ ಇಟ್ಟಿಗೆ ಒಟ್ಟಿ ಅದರ ಮೇಲೆ ಕೂರಿಸಿದ್ದರು. ಪಕ್ಕದ ಬಾಗಿಲು ಕಿತ್ತು, ಹಲಗೆ ಬಡಿದು, ಮಿರ್ಚಿ ಬಜ್ಜಿಯ ಬಾಣಲೆ ಇಟ್ಟಿದ್ದರು. ನಾನು ಆತ್ಮಕೂರಿನಲ್ಲಿ ಪರೀಕ್ಷೆಯ ಕೆಲಸ ಮುಗಿಸಿ ಗದ್ವಾಲಕ್ಕೆ ವಾಪಸು ಹೊರಟಿದ್ದೆ. ಚಹಾಕ್ಕೆಂದು ಕಾರು ನಿಲ್ಲಿಸಿದವಳು ಕಿಟಕಿಯ ಪರದೆ ನೋಡಿ ಹಾಗೇ ನಿಂತುಬಿಟ್ಟೆ. ಕಂದು ಮೈಯ ಮೇಲೆ ಬಿಳಿ ಚೌಕಳಿ, ನಾರಾಯಣಪೇಟೆ ಸೀರೆಯ ತುಂಡು. ಅದನ್ನು ಹೊಲಿದವಳು ನಮ್ಮವ್ವ.

ಒಳಗೆ ತಲೆ ಹಾಕಿದೆ. ಕರಿದ ಎಣ್ಣೆಯ ಘಾಟಿನ ಕೆಳಗೆ ರೆಕ್ಸಿನ್ನಿನದೂ ಕರ್ಪೂರದ್ದೂ ವಾಸನೆ ಇತ್ತು. ಯಾರಿಗೂ ವಾಂತಿ ಬರಬಾರದೆಂದು ಡ್ರೈವರ್ ಖಾಜಾ ಕನ್ನಡಿಗೆ ಕರ್ಪೂರದ ಪುಟ್ಟ ಗಂಟು ತೂಗುಹಾಕಿದ್ದ. ನಾಲ್ಕು ವರ್ಷ ಕರ್ಪೂರ ಉಳಿಯುತ್ತದೆಯೇ? ಉಳಿಯುವುದಿಲ್ಲ. ಹಾಗಾದರೆ ಆ ವಾಸನೆ ಗಾಡಿಯಲ್ಲಿ ಇರಲಿಲ್ಲ, ನನ್ನಲ್ಲಿತ್ತು ಎನ್ನಬೇಕು.

ಆ ಗಾಡಿಯಲ್ಲಿ ನಾವು ಚೆನ್ನೈಗೆ ಹೋಗಿ ಬಂದ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಗಂಡನಿಗೆ, ಸ್ಟಾಫ್ ರೂಮಿನಲ್ಲಿ, ಮದುವೆಮನೆಗಳಲ್ಲಿ. ಪ್ರತಿ ಸಲವೂ ಅದರಲ್ಲಿ ಮೋಸ ಮಾಡಿದವನು ನನ್ನ ತಮ್ಮ ವೀರೇಶ. ಅವತ್ತು ಸಂಜೆ ಮನೆಗೆ ಹೋದವಳೇ ಆ ವರ್ಷದ ಡೈರಿಯನ್ನು ಅಟ್ಟದಿಂದ ಇಳಿಸಿದೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಆಮೇಲೆ ಹೇಳಿದ್ದಕ್ಕಿಂತ ಅಂದೇ ಬರೆದದ್ದು ಮೇಲು, ಅಂದೇ ಬರೆದದ್ದನ್ನೂ ಯಾರು ಯಾಕೆ ಬರೆದರು ಎಂದು ಕೇಳಿ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. ನನ್ನದೇ ಡೈರಿಯನ್ನು ಮಾತ್ರ ನಾಲ್ಕು ವರ್ಷ ತೆರೆದಿರಲಿಲ್ಲ. ಯಾಕೆಂದು ಕೇಳಿಕೊಂಡೂ ಇರಲಿಲ್ಲ.

ಮೊದಲು ನಾನು ಹೇಳುತ್ತ ಬಂದ ಕಥೆಯನ್ನೇ ಬರೆಯುತ್ತೇನೆ.

ಅದು ಸಂಕ್ರಾಂತಿಯ ವಾರ. ನಾರಾಯಣಪೇಟೆಯಲ್ಲಿ ನಮ್ಮ ಓಣಿಯ ಮಗ್ಗಗಳು ಎರಡು ದಿನ ಸುಮ್ಮನಿರುವ ಕಾಲ. ಬೆಳಿಗ್ಗೆ ಎದ್ದರೆ ಲಾಳಿಯ ಸದ್ದಿಲ್ಲದ ಓಣಿ ಜ್ವರ ಬಿಟ್ಟವರ ಹಾಗೆ ಇರುತ್ತದೆ. ಚಳಿ ಇತ್ತು, ತೊಗರಿ ಕಟಾವು ಮುಗಿದು ಊರಿನ ಸುತ್ತ ಧೂಳು ತೇಲುತ್ತಿತ್ತು.

ನಮ್ಮ ಮನೆಯ ಬೀದಿಯ ಕೋಣೆಯಲ್ಲಿ ಅವ್ವನ ಮಗ್ಗ. ನೆಲದಲ್ಲಿ ಸೊಂಟದಾಳದ ಕುಣಿ. ಅದರಲ್ಲಿ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು ನೇಯುವುದು. ಮೂವತ್ತೈದು ವರ್ಷ ಅವಳ ಕಾಲು ಹಗಲೆಲ್ಲ ಆ ಕುಣಿಯೊಳಗೇ ಇದ್ದವು. ಅಪ್ಪ ಹೋದ ಮೇಲೆ ಇನ್ನೂ ಹೆಚ್ಚು ಹೊತ್ತು ಇದ್ದವು.

ಅವಳು ಬಿಡದೆ ನಡೆಸಿಕೊಂಡು ಬಂದ ಒಂದು ಪದ್ಧತಿ ಇತ್ತು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು, ಮುಗಿದಾಗ ಕೊನೆಯ ಸೀರೆಯನ್ನು ಕತ್ತರಿಸಿ ತೆಗೆದರೂ, ಬಾಚಣಿಗೆಯಂತಿರುವ ಹಣಿಗೆಯಲ್ಲಿ ಹಳೆಯ ಹಾಸಿನ ಎಳೆಗಳನ್ನು ಮೊಳದಷ್ಟು ಹಾಗೇ ಬಿಡುವುದು. ಹೊಸ ಹಾಸು ಬಂದಾಗ ಅದರ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದು. ಆಮೇಲೆ ಹಳೆಯದನ್ನು ಎಳೆದರೆ ಅದು ಹೊಸದನ್ನು ಕೈಹಿಡಿದು ಹಣಿಗೆಯೊಳಗೆ ಕರೆದುಕೊಂಡು ಬರುತ್ತದೆ. ಎಲ್ಲ ನೇಕಾರರೂ ಇದನ್ನು ಮಾಡುತ್ತಾರೆ, ಕೆಲಸ ಉಳಿಯುತ್ತದೆಂದು. ಅವ್ವನಿಗೆ ಅದು ಬರೀ ಕೆಲಸದ ಮಾತಾಗಿರಲಿಲ್ಲ. ಅವಳ ಅತ್ತೆ, ಅಂದರೆ ನಮ್ಮ ಅಜ್ಜಿ, ಬಿಟ್ಟುಹೋದ ತುದಿಗೆ ಅವಳು ಮೊದಲ ಹಾಸು ಕೂಡಿಸಿದ್ದು. ಅಲ್ಲಿಂದ ಒಂದು ಹಾಸಿನ ತುದಿಗೆ ಇನ್ನೊಂದು ಹಾಸು ಕೂಡಿಸುತ್ತಲೇ ಬಂದಿದ್ದಳು. ಹಣಿಗೆ ಸವೆದಾಗ ಹೊಸ ಹಣಿಗೆಗೆ ಅವೇ ಎಳೆಗಳನ್ನು ದಾಟಿಸಿದ್ದಳು. ಒಮ್ಮೆಯೂ ಬರಿದು ಮಾಡಿರಲಿಲ್ಲ. ಆ ಮೊಳದುದ್ದದ ಎಳೆಗಳನ್ನು ‘ಹಿಂದಿನದು’ ಎನ್ನುತ್ತಿದ್ದಳು. “ಹಿಂದಿನದು ಇದ್ರ ಮುಂದಿನದು ತಾನ ಬರತೈತಿ” ಎನ್ನುತ್ತಿದ್ದಳು.

ಆ ವರ್ಷ ಅವಳ ಮೊಣಕಾಲು ಕೆಟ್ಟಿದ್ದವು. ಕುಣಿಯಿಂದ ಮೇಲೇಳಲು ಹಗ್ಗ ಹಿಡಿಯಬೇಕಿತ್ತು. ಡಾಕ್ಟರು ಇನ್ನು ಕುಣಿಗೆ ಇಳಿಯಬೇಡಿ ಎಂದಿದ್ದರು. ವೀರೇಶನೂ ಅವನ ಹೆಂಡತಿ ಸುನಂದಾಳೂ ಬೀದಿಯ ಕೋಣೆಯಲ್ಲಿ ಸೀರೆಯ ಶೋರೂಮ್ ಮಾಡಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದರು. ಅವ್ವನದು ಒಂದೇ ಉತ್ತರ: “ನಾ ಹೋದಮ್ಯಾಲ ಮಾಡ್ಕೋರಿ. ನಾ ಎಲ್ಲಿಗೂ ಹೊಂಟಿಲ್ಲ.”

ಆಗ ವೀರೇಶ ಗಾಡಿ ತಂದ. ಮಕ್ತಲದ ಅವನ ಸ್ನೇಹಿತ ಹಳೆಯ ಟೆಂಪೋದೊಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟಾಕಿ ಎಲ್ಲ ಕೂರಿಸಿ ತೀರ್ಥಯಾತ್ರೆಯವರಿಗೆ ಬಾಡಿಗೆಗೆ ಬಿಡುತ್ತಿದ್ದ. “ಅವ್ವಾ, ನಿನಗ ಸಮುದ್ರ ತೋರಸ್ತೀನಿ. ಚೆನ್ನೈಗೆ ಹೋಗೋಣ. ಲಾಡ್ಜ್ ಬ್ಯಾಡ, ಹೋಟೆಲ್ ಬ್ಯಾಡ, ಮನಿನ ತಗೊಂಡ ಹೋಗೋಣ” ಎಂದ.

“ಸಮುದ್ರ ಎಲ್ಲಿಗಿ ಓಡಿಹೋಗತೈತಿ? ಯುಗಾದಿ ಆದಮ್ಯಾಲ ನೋಡೋಣು.”

“ಯುಗಾದಿಗೆ ಬಿಸಿಲು ನೆತ್ತಿ ಸುಡತೈತಿ. ಅಕ್ಕನೂ ಬರ್ತಾಳ, ಕೇಳು ಬೇಕಾದ್ರ.”

ನಾನು ಬರುತ್ತೇನೆಂದ ಮೇಲೆ ಅವ್ವ ಒಪ್ಪಿದಳು. ಹೊರಡುವ ಹಿಂದಿನ ದಿನ ಮುಗಿದ ಸೀರೆಯನ್ನು ಕತ್ತರಿಸಿ ತೆಗೆದಳು. ಹಿಂದಿನದನ್ನು ಹಣಿಗೆಯಲ್ಲಿ ಬಿಟ್ಟು, ಇಲಿ ಮುಟ್ಟದ ಹಾಗೆ ತನ್ನ ಹಳೆಯ ಸೀರೆ ಸುತ್ತಿ, ಊದಿನಕಡ್ಡಿ ಹಚ್ಚಿದಳು. ಹೊಸ ಹಾಸು ಬಂದು ಗೂಟಕ್ಕೆ ತೂಗುತ್ತಿತ್ತು. ಗಾಡಿಯ ಕಿಟಕಿಗಳು ಬತ್ತಲೆ ಇವೆಯೆಂದು ಅದೇ ಮಧ್ಯಾಹ್ನ ಕೂತು ಪರದೆ ಹೊಲಿದಳು.

ಗದ್ವಾಲದಲ್ಲಿ ನನ್ನನ್ನು ಹತ್ತಿಸಿಕೊಳ್ಳುವ ಹೊತ್ತಿಗೆ ಗಾಡಿಯೊಳಗೆ ಆಗಲೇ ಸಂಸಾರ ನಡೆದಿತ್ತು. ಸುನಂದಾ ಒಲೆಯ ಮೇಲೆ ಚಹಾ ಇಟ್ಟಿದ್ದಳು, ಆರು ವರ್ಷದ ಮಗಳು ಸಿರಿ ಮೇಲಿನ ಹಾಸಿಗೆಯಿಂದ ತಲೆ ಕೆಳಗಾಗಿ ಜೋತುಬಿದ್ದಿದ್ದಳು. ಅವ್ವ ಖಾಜಾನ ಬೆನ್ನ ಹಿಂದೆ ಕೂತು ತಕರಾರು ತೆಗೆದಿದ್ದಳು.

“ಮನಿ ಅಂತಿ, ಗಾಡಿ ಅಂತಿ. ಒಲಿ ಐತಿ, ಹಾಸಿಗಿ ಐತಿ. ಮಗ್ಗ ಎಲ್ಲೈತೋ ಖಾಜಾ?”

“ಅಮ್ಮಾಜಿ, ಮಗ್ಗ ಇಟ್ರ ಮಂದೀನ ಎಲ್ಲಿ ಇಡ್ಲಿ? ಹಗ್ಗ ಕಟ್ಟಿ ಹಿಂದ ಎಳಕೊಂಡು ಹೋಗ್ಬೇಕ್ರಿ!”

“ಎಳಿ, ಎಳಿ. ನನ್ನ ಸೊಸಿನ ಮೊದಲ ಕೈ ಹಚ್ಚತಾಳ ಅದಕ್ಕ.”

ಸುನಂದಾ ನಕ್ಕಳು, ಪೂರ್ತಿ ನಗಲಿಲ್ಲ. ಉಂಡವಳ್ಳಿಯಲ್ಲಿ ಗಾಡಿ ನಿಂತಾಗ ವೀರೇಶ ಫೋನು ಹಿಡಿದು ಕೆಳಗಿಳಿದು ತೆಲುಗಿನಲ್ಲಿ ಯಾರಿಗೋ ಏನೋ ಹೇಳುತ್ತಿದ್ದ. ಕರ್ನೂಲಿನಲ್ಲೂ ಇಳಿದ. ಬೆಟ್ಟದ ತಿರುವುಗಳಲ್ಲಿ ಕರ್ಪೂರದ ಗಂಟು ಎಡಕ್ಕೂ ಬಲಕ್ಕೂ ಆಡಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಚೆನ್ನೈ.

ನಾವು ಹೋದ ದಿನವೇ ಅಲ್ಲಿಯವರು ಹಬ್ಬದ ಕೊನೆಗೆ ಮನೆ ಬಿಟ್ಟು ತಿರುಗಾಡುವ ದಿನ. ಊರಿಗೆ ಊರೇ ಮರೀನಾದ ಮರಳಿನ ಮೇಲಿತ್ತು. ಜನ ನೀರಿಗಿಳಿಯಬಾರದೆಂದು ಪೊಲೀಸರು ಉದ್ದಕ್ಕೂ ಬಿದಿರಿನ ಬೇಲಿ ಕಟ್ಟಿದ್ದರು. ಅವ್ವ ಆ ಗದ್ದಲದಲ್ಲಿ ಕುಂಟುತ್ತ ಬೇಲಿಯವರೆಗೆ ಹೋಗಿ ಬಿದಿರು ಹಿಡಿದು ನಿಂತಳು.

“ಸಮುದ್ರಕ್ಕ ಬೇಲಿ ಯಾಕ್ರೋ? ದನ ಮೇಯತಾವೇನು?”

ಸಿರಿಗೆ ಐಸ್‌ಕ್ರೀಮ್ ಬೇಕಾಗಿತ್ತು. ಅವ್ವ ಬಹಳ ಹೊತ್ತು ಕದಲಲಿಲ್ಲ. ಅಲೆ ಬರುವುದನ್ನೂ ಹೋಗುವುದನ್ನೂ ಲಾಳಿ ನೋಡುವ ಕಣ್ಣಿನಿಂದ ನೋಡುತ್ತಿದ್ದಳು. “ಹೊಕ್ಕಿನ ಮ್ಯಾಲ ಹೊಕ್ಕು ಬರಾಕತ್ತೈತಿ. ಒಂದ ಸೀರಿ ಆಗವಲ್ದು” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ನೋಡಿದ್ವಲ್ಲ. ನಡೀರಿ ಇನ್ನ. ಮನ್ಯಾಗ ಹಾಸು ಕಾಯಾಕತ್ತೈತಿ” ಎಂದಳು.

ವೀರೇಶ ಬೇಡವೆಂದ. ಇನ್ನೊಂದು ದಿನ ಉಳಿದೆವು. ನಾನು ಕಥೆ ಹೇಳುವಾಗ ಇಲ್ಲಿ ಇಷ್ಟೇ ಹೇಳುವುದು.

ಮರುದಿನ ಬೆಳಿಗ್ಗೆ ಬೇಲಿ ತೆಗೆದಿದ್ದರು. ಮರಳಿನ ತುಂಬ ಕಬ್ಬಿನ ಸಿಪ್ಪೆ, ಹರಿದ ಗಾಳಿಪಟ. ಅವ್ವ ನನ್ನ ಮಣಿಕಟ್ಟು ಹಿಡಿದು ನೀರಿಗಿಳಿದಳು. ತುಳಿದು ತುಳಿದು ಅಗಲವಾದ ಬೆರಳುಗಳ ಆ ಬೆಳ್ಳನೆಯ ಪಾದಗಳನ್ನು ಅಷ್ಟು ಬೆಳಕಿನಲ್ಲಿ ನಾನು ನೋಡಿದ್ದು ಅವತ್ತೇ. ಅಲೆ ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡಿತು. “ಏಯ್ ಏಯ್! ಕಾಲಾಗ ಕುಣಿ ತೋಡತೈತಿ ಇದು!” ಎಂದು ಬಾಯಿ ತೆರೆದು ನಕ್ಕಳು. ಅವ್ವ ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ವಾಪಸು ನಾರಾಯಣಪೇಟೆ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ನಮ್ಮ ಬಾಗಿಲಿಗೆ ಹೊಸ ಬಣ್ಣ. ಬೀದಿಯ ಕೋಣೆಯಲ್ಲಿ ಮುಖ ಕಾಣುವ ಬಿಳಿ ಟೈಲ್ಸು, ಗಾಜಿನ ಕಪಾಟು, ಬಾಗಿಲಿಗೆ ಚೆಂಡುಹೂ. ಕುಣಿ ಇರಲಿಲ್ಲ. ಎದುರು ಗೋಡೆಯ ಮೇಲೆ ಅವ್ವನ ಮಗ್ಗದ ಮರಗಳನ್ನು ಪಾಲಿಶ್ ಹೊಡೆಸಿ ಅಂದವಾಗಿ ಜೋಡಿಸಿ, ಮೇಲೊಂದು ಹಳದಿ ದೀಪ ಹಾಕಿದ್ದರು.

“ಒಂದ ಕಟ್ಟಿಗಿನೂ ಬಿಸಾಕಿಲ್ಲ ಅವ್ವಾ” ಎಂದ ವೀರೇಶ. ಅವಳಿಗೆ ಇಷ್ಟವಾಗುತ್ತದೆಂದು ಅವನು ನಿಜಕ್ಕೂ ನಂಬಿದ್ದನೋ ಏನೋ. “ಗಿರಾಕಿ ಬಂದವ್ರು ಮೊದಲ ನಿನ್ನ ಮಗ್ಗ ನೋಡ್ಬೇಕು.”

“ಹಣಗಿ ಎಲ್ಲೈತಿ?”

“ಅಲ್ಲೈತಿ ನೋಡು, ಗಾಜಿನ ಕೆಳಗ.”

ಹಣಿಗೆ ತೊಳೆದಂತೆ ಹೊಳೆಯುತ್ತಿತ್ತು. ಅದರ ಹಲ್ಲುಗಳ ನಡುವಿನಿಂದ ಆಚೆಯ ಗೋಡೆ ಕಾಣುತ್ತಿತ್ತು.

“ಇದ್ರಾಗಿಂದು?”

“ಏನು?”

“ಹಿಂದಿನದು.”

“ಆ ತುಂಡು ದಾರಾನಾ? ಅವು ವೇಸ್ಟ್ ಅಲ್ಲೇನವ್ವಾ? ಸ್ವಚ್ಛ ಕಾಣಲಿ ಅಂತ ಕತ್ತರಿಸಿ ಒಗದಾರ ಕೂಲಿಯವ್ರು.”

ವೀರೇಶ ನೇಕಾರರ ಮನೆಯಲ್ಲಿ ಹುಟ್ಟಿದವನು. ಆದರೆ ಹತ್ತನೆಯ ವಯಸ್ಸಿಗೇ ಅಪ್ಪ ಅವನನ್ನು ಪೇಟೆಯ ಸೀರೆ ಅಂಗಡಿಯೊಂದರ ಗದ್ದಿಗೆಯ ಮೇಲೆ ಕೂರಿಸಿದ್ದ. ಕಣ್ಣು ಮುಚ್ಚಿ ಮುಟ್ಟಿದರೂ ರೇಷ್ಮೆ ಯಾವ ಊರಿನದೆಂದು ಹೇಳಬಲ್ಲ. ಕುಣಿಯಲ್ಲಿ ಒಂದು ದಿನವೂ ಕೂತವನಲ್ಲ. ಮರ ಉಳಿಸಿದರೆ ಮಗ್ಗ ಉಳಿಯಿತು ಎಂದುಕೊಂಡಿದ್ದ.

ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕುಣಿ ಇದ್ದ ಜಾಗದ ಮೇಲೆ ಅಂಗಾಲನ್ನು ನಿಧಾನವಾಗಿ ಎಳೆದಳು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು. ಅಳಲಿಲ್ಲ. ಅತ್ತವಳು ನಾನು. ಓಣಿಗೆಲ್ಲ ಕೇಳುವ ಹಾಗೆ ವೀರೇಶನ ಮೇಲೆ ಕೂಗಾಡಿದೆ. “ಸಮುದ್ರ ತೋರಸ್ತೀನಿ ಅಂತ ಕರಕೊಂಡು ಹೋಗಿ ಹೆತ್ತವ್ವನ ಬೆನ್ನಿಗೆ ಚೂರಿ ಹಾಕಿದೆಲ್ಲೋ!” ಎಂದೆ. ಅವನು ನನ್ನನ್ನು ನೋಡಿದ.

ನನ್ನ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕೇಳಿದವರೆಲ್ಲ ವೀರೇಶನಿಗೆ ಛೀ ಎನ್ನುತ್ತಿದ್ದರು.

ಈಗ ಡೈರಿ. ಹೊರಡುವುದಕ್ಕೆ ವಾರದ ಹಿಂದೆ, ನನ್ನ ಅಕ್ಷರದಲ್ಲಿ: “ವೀರೇಶ ಫೋನ್ ಮಾಡಿದ್ದ. ನಾವು ಚೆನ್ನೈಗೆ ಹೋದಾಗ ಕುಣಿ ಮುಚ್ಚಿ ನೆಲ ಹಾಕಿಸುವ ವಿಚಾರ. ಅವ್ವನಿಗೆ ಹೇಳಿದರೆ ಹೊರಡುವುದಿಲ್ಲ, ನೀನು ಬಂದರೆ ಹೊರಡುತ್ತಾಳೆ ಎಂದ. ಅವಳ ಮೊಣಕಾಲಿಗೆ ಇದೇ ಒಳ್ಳೆಯದು. ಹೂಂ ಅಂದೆ.”

ಚೆನ್ನೈಯ ಪುಟ: “ಬೇಲಿಯಿಂದಲೇ ನೋಡಿ ಅವ್ವ ಹೊರಡೋಣ ಎಂದಳು. ನೆಲ ಒಣಗಲು ಇನ್ನೊಂದು ದಿನ ಬೇಕಂತೆ. ವೀರೇಶ ನನ್ನ ಮುಖ ನೋಡಿದ. ಇಷ್ಟು ದೂರ ಬಂದು ಬೇಲಿ ನೋಡಿ ಹೋಗುವುದೇ ಅವ್ವಾ, ಸಮುದ್ರ ಮುಟ್ಟಿಯೇ ಹೋಗೋಣ ಎಂದೆ. ಮನೆಯಲ್ಲಿ ಏನಾದರೂ ನಡೆದಿದೆಯೇನೆ ಎಂದು ಕೇಳಿದಳು. ಏನಿಲ್ಲ ಅಂದೆ. ಒಪ್ಪಿದಳು.”

ಎರಡೂ ಪುಟಗಳನ್ನು ಎಷ್ಟು ಸಲ ಓದಿದೆನೋ. ಬೇರೆ ಯಾರದೋ ಅಕ್ಷರವಾಗಿದ್ದರೆ ಚೆನ್ನಾಗಿತ್ತು. ನಾನು ಮರೆತಿದ್ದೆನೇ? ಮರೆತಿದ್ದೆ ಎನ್ನಲು ಧೈರ್ಯವಿಲ್ಲ. ಅವತ್ತು ಬೆಳಿಗ್ಗೆ ಅಷ್ಟು ಜೋರಾಗಿ ಕೂಗಿದ್ದು ಇದನ್ನು ನಾನೇ ಕೇಳಿಸಿಕೊಳ್ಳಬಾರದೆಂದು ಇರಬಹುದು. ಆಮೇಲೆ ಕಥೆ ಹೇಳಿ ಹೇಳಿ, ಹೇಳಿದ್ದೇ ನಡೆದದ್ದಾಯಿತು. ಕುಣಿ ಮುಚ್ಚುವುದು ಗೊತ್ತಿತ್ತು, ಹಿಂದಿನದನ್ನು ಕತ್ತರಿಸುವುದು ಗೊತ್ತಿರಲಿಲ್ಲ ಎಂದು ಒಂದು ದಿನ ವಾದ ಮಾಡಿಕೊಂಡೆ. ಆದರೆ ವೀರೇಶನಿಗೆ ತಿಳಿಯದ್ದು ನನಗೆ ತಿಳಿದಿತ್ತು. ಚಿಕ್ಕವಳಿದ್ದಾಗ ಅವ್ವನ ಎದುರು ಕೂತು ಬೂದಿ ಹಚ್ಚಿಕೊಂಡು ಎಳೆ ಹೊಸೆದವಳು ನಾನು. ಹಣಿಗೆಗೆ ಕೈ ಹಚ್ಚಬೇಡಿ ಎಂದು ಒಂದು ಮಾತು ಹೇಳಬಹುದಿತ್ತು. ಆ ಮಾತು ನನಗೆ ಹೊಳೆಯಲಿಲ್ಲವೋ, ಹೊಳೆದರೂ ಸುಮ್ಮನಿದ್ದೆನೋ, ಡೈರಿಯಲ್ಲಿ ಇಲ್ಲ.

ವೀರೇಶನಿಗೆ ಫೋನ್ ಮಾಡಿದೆ. ನಾಲ್ಕು ವರ್ಷದಲ್ಲಿ ಹಬ್ಬಕ್ಕೆ ಹೋಗಿ ಬಂದಿದ್ದೇನೆ, ಅವನೊಡನೆ ಮನಸ್ಸು ಬಿಚ್ಚಿ ಮಾತಾಡಿರಲಿಲ್ಲ.

“ನನಗೂ ಗೊತ್ತಿತ್ತು ಅಂತ ಅವತ್ತ ಯಾಕ ಹೇಳಲಿಲ್ಲೋ?”

ಅಂಗಡಿಯಲ್ಲಿ ಯಾರಿಗೋ ಸೀರೆ ಬಿಚ್ಚಿ ತೋರಿಸುವ ಸದ್ದು ಕೇಳಿಸಿತು. “ನಮ್ಮಿಬ್ರಾಗ ಒಬ್ರಾದ್ರೂ ಅವ್ವನ ಕಡೆ ಇದ್ದಂಗ ಇರಲಿ ಅಂತ ಬಿಟ್ನಿ ಅಕ್ಕಾ” ಎಂದ. ಆಮೇಲೆ, “ಗಿರಾಕಿ ಬಂದಾರ, ಇಡ್ತೀನಿ” ಎಂದ.

ಭಾನುವಾರ ನಾರಾಯಣಪೇಟೆಗೆ ಹೊರಟೆ. ಜೂರಾಲದಲ್ಲಿ ಮತ್ತೆ ಆ ಗಾಡಿಯ ಮುಂದೆ ನಿಂತು ಅವ್ವನಿಗೆಂದು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡೆ. ಖಾಲಿ ಕೈಯಲ್ಲಿ ಹೋಗಲು ಹೆದರಿಕೆ. ದಾರಿಯಲ್ಲಿ ಒಂದನ್ನು ತಿಂದೆ.

ಅವ್ವ ಈಗ ನೇಯುವುದಿಲ್ಲ. ಹಿಂದಿನ ಓಣಿಯ ಈರಮ್ಮನ ಮನೆಗೆ ಹೋಗುತ್ತಾಳೆ. ಅಲ್ಲಿಂದ ಇನ್ನೊಬ್ಬರ ಮನೆಗೆ. ಹೊಸ ಹಾಸು ಬಂದವರ ಮನೆಯಲ್ಲಿ ಕೂತು ಅವರ ಹಳೆಯ ಎಳೆಗೆ ಹೊಸ ಎಳೆ ಕೂಡಿಸಿಕೊಡುತ್ತಾಳೆ. ಕುಣಿಗೆ ಇಳಿಯಬೇಕಿಲ್ಲ, ನೆಲದ ಮೇಲೆ ಕಾಲು ಚಾಚಿ ಮಾಡುವ ಕೆಲಸ. ನಾನು ಹೋದಾಗ ಈರಮ್ಮ ಹಿತ್ತಲಿನಲ್ಲಿದ್ದಳು. ಅವ್ವನ ಮುಂದೆ ಹಸಿರು ಹಾಸು, ಪಕ್ಕದಲ್ಲಿ ಬೂದಿಯ ಬಟ್ಟಲು. ತಲೆ ಎತ್ತಲಿಲ್ಲ.

“ಬಾ. ಅಳಿಯಗೋಳು ಚಲೋ ಅದಾರ?”

“ಅದಾರ.” ಪೊಟ್ಟಣ ಕೆಳಗಿಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೋದವು. “ಅವ್ವಾ, ಆವತ್ತು ಚೆನ್ನೈಯಾಗ... ಕುಣಿ ಮುಚ್ಚಸೋದು ನನಗ ಮೊದಲ ಗೊತ್ತಿತ್ತು.”

“ಗೊತ್ತೈತಿ.”

“ವೀರೇಶ ಹೇಳಿದ್ನಾ?”

“ಅವ ಯಾಕ ಹೇಳ್ತಾನ? ನಿನ್ನ ಮಾರಿ ಹೇಳ್ತು.” ಎರಡು ಎಳೆ ಹಿಡಿದು ಹೊಸೆದಳು, ಬಿಟ್ಟಳು, ಮುಂದಿನದಕ್ಕೆ ಹೋದಳು. “ಮೂರು ಸಲ ಕೇಳಿದ್ನಿ ನಿನ್ನ. ಗದ್ವಾಲದಾಗ ಗಾಡಿ ಹತ್ತಿದಿ, ಆವಾಗೊಮ್ಮೆ. ಬೇಲಿ ಹತ್ರ ಒಮ್ಮೆ. ನೀರಾಗ ನಿಂತಾಗ ಒಮ್ಮೆ. ಅವ ಅಂಗಡ್ಯಾಗ ಬೆಳದಾಂವ, ಅವಗ ತಿಳೀಲಿಲ್ಲ. ನೀ ತಿಳದಾಕಿ, ಹೇಳ್ತಿ ಅಂದ್ಕೊಂಡಿದ್ನಿ. ಫೋನ್ ಇದ್ವಲ್ಲ. ಮೂರನೇ ಸಲಕ್ಕಾದ್ರೂ ಹೇಳಿದ್ರ ಹಿಂದಿನದಾದ್ರೂ ಉಳೀತಿತ್ತು.”

ಡೈರಿಯಲ್ಲಿ ಒಂದೇ ಸಲ ಎಂದಿದೆ. ಅಂದೇ ಬರೆದದ್ದು ಮೇಲು ಎಂದು ಪಾಠ ಹೇಳುವವಳು ನಾನು. ಆದರೂ ಈ ವಿಷಯದಲ್ಲಿ ನನ್ನ ಡೈರಿಯನ್ನು ನಂಬಲಾರೆ. ನೀರಿನಲ್ಲಿ ನಿಂತಾಗ ಒಮ್ಮೆ ಎಂದಳಲ್ಲ. ಹಾಗಾದರೆ ಅವಳು ಬಾಯಿ ತೆರೆದು ನಕ್ಕದ್ದು ಕೇಳುವುದಕ್ಕೆ ಮೊದಲೋ, ನಾನು ಏನಿಲ್ಲ ಎಂದ ಮೇಲೋ? ನಾಲ್ಕು ವರ್ಷ ಆ ನಗುವೊಂದನ್ನು ಜೋಪಾನ ಮಾಡಿಕೊಂಡಿದ್ದೆ. ಅದನ್ನು ಎಲ್ಲಿ ಇಡಬೇಕೆಂದು ಈಗ ಗೊತ್ತಾಗುತ್ತಿಲ್ಲ.

ಅವಳೆದುರು ಕೂತೆ. ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ ಹಾಸಿನ ಆಚೆ ಬದಿಗೆ. ಒಂದು ಹಸಿರು ಎಳೆಗೆ ಕೈ ಚಾಚಿದೆ.

“ಎಣ್ಣಿ ಕೈಲೆ ಮುಟ್ಟಬ್ಯಾಡ. ಕಲಿ ಬೀಳತೈತಿ.”

ಹಿತ್ತಲಿಗೆ ಹೋಗಿ ಈರಮ್ಮನ ಸೋಪಿನಿಂದ ಎರಡು ಸಲ ಕೈ ತೊಳೆದೆ. ಮತ್ತೆ ಬಂದು ಕೂತು ಕೈ ಚಾಚಿದೆ.

“ಹಸಿ ಕೈನೂ ಆಗಂಗಿಲ್ಲ” ಎಂದಳು ಅವ್ವ, ನನ್ನ ಕಡೆ ನೋಡದೆ. “ಕೂಡ್ರು. ಒಣಗಾಕ ಹೊತ್ತು ಬೇಕು.”

ಎರಡೂ ಅಂಗೈ ಮೇಲೆ ಮಾಡಿ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಅವಳ ಬೆರಳು ಬೂದಿ ಮುಟ್ಟುತ್ತಿತ್ತು, ಹಳೆಯ ಎಳೆ ಹಿಡಿಯುತ್ತಿತ್ತು, ಹೊಸದನ್ನು ಹಿಡಿಯುತ್ತಿತ್ತು, ಹೊಸೆಯುತ್ತಿತ್ತು. ಅವಳು ನನ್ನ ಬದಿಯ ಎಳೆಗಳ ಕಡೆಗೇ ಬರುತ್ತಿದ್ದಳು.